ಕಣ್ಣೀರು ಯಾರದು, ಕುರ್ಚಿ ಯಾರಿಗೆ?

ಅಮೆರಿಕದ ಸ್ಟೀಫನ್ ಕಿಂಗ್ 1996ರಲ್ಲಿ ‘ದಿ ಗ್ರೀನ್ ಮೈಲ್’ ಎಂಬ ಜೈಲಿನ ಕಾದಂಬರಿಯನ್ನು ಆರು ಸಣ್ಣ ಪುಸ್ತಕಗಳಾಗಿ, ತಿಂಗಳಿಗೊಂದರಂತೆ ಹೊರತಂದ. ಮುಂದೇನಾಯ್ತು, ಮುಂದೇನಾಯ್ತು ಅಂತ ಜನ ಕಾದು ಕಾದು ಕೊಂಡರು. ಆರೂ ಪುಸ್ತಕಗಳು ಒಟ್ಟಿಗೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಚ್ಚು ಮಾರಾಟದ ಪಟ್ಟಿ ಹತ್ತಿ ಕೂತವು. 1999ರಲ್ಲಿ ಅದು ಸಿನಿಮಾ ಆಯಿತು. ಓದಿದವರು ಅತ್ತರು, ನೋಡಿದವರೂ ಅತ್ತರು. ನಮ್ಮ ತಕರಾರಿರುವುದು ಆ ಅಳುವಿನ ಬಗ್ಗೆಯೇ.

ನಾವು ಇದನ್ನು ಓದಿದ್ದು ಕಿವಿಯಿಂದ. ನಮ್ಮ ಪೈಕಿ ಇಂಗ್ಲಿಷ್ ಸರಾಗವಾಗಿ ಬರುವವರು ಹೈಸ್ಕೂಲು ಮೇಷ್ಟ್ರು ಒಬ್ಬರೇ. ಭಾನುವಾರಕ್ಕೊಂದು ಭಾಗದಂತೆ ಆರು ವಾರ ಕನ್ನಡದಲ್ಲಿ ಹೇಳಿದರು. ಹಾಸ್ಟೆಲ್ ಹುಡುಗರು, ಗಾರೆ ಕೆಲಸದವರಿಬ್ಬರು, ಚರ್ಚಿಗೆ ಹೋಗುವ ನಮ್ಮ ಕೇರಿಯ ಅಕ್ಕ, ಎಲ್ಲ ಕೂತು ಕೇಳಿದೆವು.

ಜೈಲಿನ ಕತೆ ನಮಗೇನು ದೂರದ್ದಲ್ಲ. ಈ ದೇಶದ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಮಾಡೋರು ಇಂಥ ಜಾತಿಯವರು, ಕಸ ಗುಡಿಸೋರು ಇಂಥ ಜಾತಿಯವರು ಅಂತ ಅಚ್ಚು ಹಾಕಿಟ್ಟಿದ್ದರು. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ನಿಯಮಗಳನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಸಂವಿಧಾನ ಜಾರಿಗೆ ಬಂದು 74 ವರ್ಷ ಕಳೆದ ಮೇಲೆ! ಹಾಗಾಗಿ ಜೈಲಿನೊಳಗೆ ಯಾರು ಯಾರ ಹೊಲಸು ಬಳಿಯುತ್ತಾರೆ ಎಂಬ ಪ್ರಶ್ನೆ ಇಟ್ಟುಕೊಂಡೇ ನಾವು ಕತೆ ಕೇಳಿದೆವು.

ಕತೆ ಹೀಗಿದೆ. ವರ್ಷ 1932. ಅಮೆರಿಕದ ದಕ್ಷಿಣ ಸೀಮೆಯ ಒಂದು ಜೈಲು. ಅಲ್ಲಿ ಮರಣದಂಡನೆಯಾದವರ ಓಣಿ. ಓಣಿಯ ಹಸಿರು ನೆಲದ ಕೊನೆಗೆ ವಿದ್ಯುತ್ ಕುರ್ಚಿ. ಇಬ್ಬರು ಬಿಳಿಯ ಹೆಣ್ಣುಮಕ್ಕಳನ್ನು ಕೊಂದ ಆಪಾದನೆ ಹೊತ್ತು ಜಾನ್ ಕಾಫಿ ಎಂಬ ಬೆಟ್ಟದಂಥ ಕರಿಯ ಬರುತ್ತಾನೆ. ಕತ್ತಲೆಗೆ ಹೆದರುವವನು. ಅವನ ಕೈಯಲ್ಲಿ ಕಾಯಿಲೆ ಹೀರುವ ಶಕ್ತಿಯಿದೆ. ಕಾವಲುಗಾರರ ಮುಖ್ಯಸ್ಥನ ಉರಿಮೂತ್ರ ವಾಸಿ ಮಾಡುತ್ತಾನೆ, ಸಾಯುತ್ತಿದ್ದ ಇಲಿಗೆ ಜೀವ ಕೊಡುತ್ತಾನೆ, ಜೈಲು ಅಧಿಕಾರಿಯ ಹೆಂಡತಿಯ ಮೆದುಳಿನ ಗಡ್ಡೆ ಕರಗಿಸುತ್ತಾನೆ. ಮಕ್ಕಳನ್ನು ಕೊಂದವನು ಇವನಲ್ಲ, ಅದೇ ಓಣಿಯಲ್ಲಿದ್ದ ಇನ್ನೊಬ್ಬ, ಬಿಳಿಯ. ಕಾವಲುಗಾರರಿಗೆ ಇದು ಗೊತ್ತಾಗುತ್ತದೆ. ಗೊತ್ತಾದ ಮೇಲೂ, ನಮ್ಮ ಮಾತು ಯಾರು ನಂಬುತ್ತಾರೆ ಅಂತ ಸುಮ್ಮನಾಗುತ್ತಾರೆ. ಜಾನ್ ಕಾಫಿಯೇ, ಲೋಕದ ನೋವು ಕಂಡು ಸಾಕಾಗಿದೆ, ನನ್ನನ್ನು ಕಳಿಸಿಬಿಡಿ ಅನ್ನುತ್ತಾನೆ. ಅಳುತ್ತ ಅಳುತ್ತ ಕೂರಿಸಿ ಸ್ವಿಚ್ಚು ಹಾಕುತ್ತಾರೆ.

ಹೆಸರಿನ ಮೊದಲಕ್ಷರಗಳು ಜೆ, ಸಿ. ಜೀಸಸ್ ಕ್ರೈಸ್ಟನವೂ ಅವೇ. ಬೇಕೆಂದೇ ಹಾಗಿಟ್ಟೆ ಅಂತ ಕಿಂಗ್ 2000ದಲ್ಲಿ ಬಂದ ‘ಆನ್ ರೈಟಿಂಗ್’ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಭಕ್ತ ಓದುಗರು ಇದರಲ್ಲಿ ಶಿಲುಬೆಯ ಕತೆ ಕಂಡು ಕರಗಿದರು. ಆದರೆ ಕರಿಯರ ಕಡೆಯಿಂದ ಬೇರೆ ಮಾತು ಎದ್ದಿತು. ಚಿತ್ರನಿರ್ದೇಶಕ ಸ್ಪೈಕ್ ಲೀ 2001ರಲ್ಲಿ ಕಾಲೇಜು ವಿದ್ಯಾರ್ಥಿಗಳೆದುರು ಈ ಸಿನಿಮಾವನ್ನೂ ಇಂಥ ಇನ್ನೂ ಕೆಲವನ್ನೂ ಹಿಡಿದು ಝಾಡಿಸಿದ. ಬಿಳಿಯರ ಕಷ್ಟ ಕಳೆಯುವುದಕ್ಕೆಂದೇ ಹುಟ್ಟುವ ಮಾಂತ್ರಿಕ ಕರಿಯ ಇವನು, ಇಷ್ಟೆಲ್ಲ ಶಕ್ತಿಯಿದ್ದವನು ಅದನ್ನು ತನಗಾಗಿ, ತನ್ನವರಿಗಾಗಿ ಯಾಕೆ ಬಳಸೋದಿಲ್ಲ ಎಂಬುದು ಅವನ ಸಿಟ್ಟು.

ನಮ್ಮ ಹುಡುಗರೂ ಅದನ್ನೇ ಕೇಳಿದರು. ಒಬ್ಬ ಅಂದ: “ಅಲ್ಲಾ ಸಾರ್, ಕೊಲ್ಲಿ ಅಂತ ಅವನ ಬಾಯಲ್ಲೇ ಹೇಳಿಸಿಬಿಟ್ರೆ ಕೊಂದೋರಿಗೆ ರಾತ್ರಿ ನಿದ್ದೆ ಬರುತ್ತಲ್ಲ?” ಇಡೀ ಕಾದಂಬರಿಯ ಗುಟ್ಟು ಈ ಒಂದು ಮಾತಿನಲ್ಲಿದೆ. ಜೀತದಾಳು ಒಡೆಯನ ಮಗುವನ್ನು ಹೊಳೆಯಿಂದ ಎತ್ತಿ ತಾನು ಮುಳುಗುವ ಕತೆಗಳನ್ನು ನಾವೂ ಕೇಳಿದ್ದೇವೆ. ಒಡೆಯನ ಕಣ್ಣು ಒದ್ದೆಯಾಗುತ್ತದೆ. ಜೀತದ ಪತ್ರ ಪೆಟ್ಟಿಗೆಯಲ್ಲೇ ಇರುತ್ತದೆ.

ಆದರೆ ಅಕ್ಕ ಒಪ್ಪಲಿಲ್ಲ. “ನೀವೆಲ್ಲ ಓದಿದೋರು, ನನ್ನ ಕ್ರಿಸ್ತನ್ನ ಯಾಕೆ ಬೈತೀರಿ? ಅವನನ್ನೂ ಸರ್ಕಾರದೋರೇ ಹಿಡಕೊಂಡು ಹೋಗಿ ಕೊಂದದ್ದು. ಅವನೂ ನಮ್ಮಂಗೆ ಬಡವ” ಅಂದಳು. ನಾವು ಸುಮ್ಮನಾದೆವು. ಅಕ್ಕನ ಮಾತಿನಲ್ಲಿ ತೂಕವಿತ್ತು. ರೋಮಿನವರ ರಾಜ್ಯದಲ್ಲಿ ಶಿಲುಬೆ ಗುಲಾಮರಿಗೆ, ದಂಗೆಯೆದ್ದವರಿಗೆ ಇಟ್ಟ ಶಿಕ್ಷೆ. ಅಮೆರಿಕದ ಕಪ್ಪು ದೇವಶಾಸ್ತ್ರಜ್ಞ ಜೇಮ್ಸ್ ಕೋನ್ 2011ರಲ್ಲಿ ಪ್ರಕಟಿಸಿದ ‘ದಿ ಕ್ರಾಸ್ ಅಂಡ್ ದಿ ಲಿಂಚಿಂಗ್ ಟ್ರೀ’ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದಾನೆ: ಕರಿಯರನ್ನು ಹಿಡಿದು ನೇತುಹಾಕಿದ ಮರವನ್ನು ಕಾಣದವನು ಶಿಲುಬೆಯನ್ನೂ ಕಂಡಿಲ್ಲ. ಮರದ ಮೇಲೆ ಶವ ತೂಗುತ್ತಿದ್ದಾಗ ಬಿಳಿಯರ ಚರ್ಚುಗಳು ಅದನ್ನು ಕಾಣದಂತೆ ಇದ್ದುಬಿಟ್ಟವು. ಅಂದಮೇಲೆ ಶಿಲುಬೆ ಕೊಂದವನ ಮೇಲಿನ ದೂರು. ಕಿಂಗ್ ಆ ದೂರನ್ನು ಕೊಂದವನಿಗೆ ಸಮಾಧಾನವಾಗಿ ಮಾಡಿಬಿಟ್ಟ. ಅಕ್ಕನ ಕ್ರಿಸ್ತ ಬೇರೆ, ಆ ಕಾವಲುಗಾರನ ಕ್ರಿಸ್ತ ಬೇರೆ.

ಇದಾದ ಮೇಲೆ ಮೇಷ್ಟ್ರು ಇನ್ನೊಂದು ಕಾದಂಬರಿ ತಂದರು. ಅರ್ನೆಸ್ಟ್ ಗೇನ್ಸ್ ಬರೆದ ‘ಎ ಲೆಸನ್ ಬಿಫೋರ್ ಡೈಯಿಂಗ್’, 1993ರದ್ದು. ಗೇನ್ಸ್ ಲೂಸಿಯಾನದ ಪ್ಲಾಂಟೇಷನ್ನಿನ ಆಳುಗಳ ಕೇರಿಯಲ್ಲಿ 1933ರಲ್ಲಿ ಹುಟ್ಟಿದ ಕರಿಯ. ಅದೇ ಲೂಸಿಯಾನದಲ್ಲಿ ವಿಲ್ಲಿ ಫ್ರಾನ್ಸಿಸ್ ಎಂಬ ಕಪ್ಪು ಹುಡುಗನನ್ನು 1946ರ ಮೇ 3ರಂದು ವಿದ್ಯುತ್ ಕುರ್ಚಿಗೆ ಕಟ್ಟಿದ್ದರು. ಅವನಿಗೆ 17 ವರ್ಷ. ತೀರ್ಪು ಕೊಟ್ಟ ಪಂಚರೆಲ್ಲ ಬಿಳಿಯರು. ಅವನ ಪರ ವಕೀಲರು ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಆ ದಿನ ಕುರ್ಚಿ ಕೆಟ್ಟಿತು, ಹುಡುಗ ಬದುಕಿದ. ಇನ್ನೊಮ್ಮೆ ಕೂರಿಸಿದರೆ ಅದು ಕ್ರೂರವೇ ಎಂದು ಕೇಳಿದಾಗ, ಅಲ್ಲ ಅಂತ ಅವರ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ ಹೇಳಿತು. 1947ರ ಮೇ 9ರಂದು ಮತ್ತೆ ಕೂರಿಸಿ ಕೊಂದರು.

ಗೇನ್ಸನ ಕಾದಂಬರಿ ಆ ಕಾಲದ್ದೇ, ಆ ಸೀಮೆಯದ್ದೇ. ಜೆಫರ್ಸನ್ ಎಂಬ ಹುಡುಗನಿಗೆ ಮಾಡದ ಕೊಲೆಗಾಗಿ ಮರಣದಂಡನೆ. ಅವನನ್ನು ಉಳಿಸಲೆಂದು ಅವನ ವಕೀಲನೇ ಕೋರ್ಟಿನಲ್ಲಿ ಹೇಳುತ್ತಾನೆ: ಇವನು ಹಂದಿ ಇದ್ದಂತೆ, ಹಂದಿಯನ್ನು ಯಾರಾದರೂ ಕುರ್ಚಿಗೆ ಕೂರಿಸುತ್ತಾರಾ? ಕಿಂಗ್‌ನ ಪುಸ್ತಕದಲ್ಲೂ ಒಬ್ಬ ಪತ್ರಕರ್ತ ಕರಿಯರನ್ನು ಕಚ್ಚುವ ನಾಯಿಗೆ ಹೋಲಿಸುತ್ತಾನೆ. ಅಲ್ಲಿ ನಾಯಿ, ಇಲ್ಲಿ ಹಂದಿ. ಅಲ್ಲಿ ಆ ಮಾತು ಬಂದು ಹೋಗುತ್ತದೆ. ಇಲ್ಲಿ ಇಡೀ ಕತೆ ಆ ಒಂದು ಮಾತನ್ನು ಅಳಿಸಲಿಕ್ಕೆ ಒದ್ದಾಡುತ್ತದೆ. ಹುಡುಗನನ್ನು ಸಾಕಿದ ಮುದುಕಿ ಊರಿನ ಮೇಷ್ಟ್ರನ್ನು ಹಿಡಿಯುತ್ತಾಳೆ: ನನ್ನ ಮಗ ಹಂದಿಯಾಗಿ ಸಾಯಬಾರದು, ಮನುಷ್ಯನಾಗಿ ನಡೆದು ಹೋಗಬೇಕು. ಆ ಮೇಷ್ಟ್ರು ಪಾಠ ಮಾಡುವುದು ಚರ್ಚಿನ ಕಟ್ಟಡದಲ್ಲಿ. ಕೂಲಿಗೆ ಹೋಗುವ ಮಕ್ಕಳಿಗೆ ವರ್ಷಕ್ಕೆ ಐದೂವರೆ ತಿಂಗಳು ಮಾತ್ರ ಶಾಲೆ. ಚರ್ಚಿನಲ್ಲಿ ನಂಬಿಕೆ ಕಳೆದುಕೊಂಡ ಮೇಷ್ಟ್ರಿಗೂ ಊರ ಪಾದ್ರಿಗೂ ಜಗಳ ನಡೆದೇ ಇರುತ್ತದೆ. ಮೇಷ್ಟ್ರು ಹುಡುಗನಿಗೆ ಕೊಡುವುದು ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲು. ಹುಡುಗ ತನಗೆ ಬಂದ ಕಾಗುಣಿತದಲ್ಲಿ, ಚುಕ್ಕೆ ಕಾಮಾ ಇಲ್ಲದೆ ಬರೆಯುತ್ತಾನೆ. ಒಂದು ಅಧ್ಯಾಯ ಪೂರ್ತಿ ಅವನ ಬರಹವೇ.

“ಇಲ್ಲೂ ಸತ್ತನಲ್ಲ ಸಾರ್, ಏನ್ ವ್ಯತ್ಯಾಸ?” ಅಂತ ಅದೇ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಗೇನ್ಸನೂ ಜೈಲಿನ ಬಾಗಿಲು ತೆರೆಯಲಿಲ್ಲ. ಆದರೆ ಜೆಫರ್ಸನ್ ಯಾರ ಕಾಯಿಲೆಯನ್ನೂ ವಾಸಿ ಮಾಡಲಿಲ್ಲ. ಪವಾಡ ಮಾಡಿ ತಾನು ಒಳ್ಳೆಯವನು ಅಂತ ತೋರಿಸಬೇಕಾಗಿ ಬರಲಿಲ್ಲ. ಅವನು ಸತ್ತ ಮೇಲೆ ಕಾವಲುಗಾರನ ಕೈಯಲ್ಲಿ ಉಳಿದದ್ದು ಅವನ ನೋಟ್ ಪುಸ್ತಕ. ಅದು ಹೋಗಿ ಸೇರಿದ್ದು ಶಾಲೆಯನ್ನು. ಜಾನ್ ಕಾಫಿಯ ಕತೆಯನ್ನು ಹೇಳಿದ್ದು ಅವನನ್ನು ಕುರ್ಚಿಗೆ ನಡೆಸಿದ ಕಾವಲುಗಾರ. ಜೆಫರ್ಸನ್ನನ ಕತೆಯಲ್ಲಿ ಜೆಫರ್ಸನ್ನನ ಕೈಬರಹವಿದೆ. ವ್ಯತ್ಯಾಸ ಇಷ್ಟೇ. ಇದು ಸಣ್ಣದೇನಲ್ಲ.

ಗೆಳೆಯರೇ, ನಮ್ಮ ನೋವು ಕಂಡು ಯಾರೂ ಅಳಬೇಡಿ ಅಂತ ನಾವು ಹೇಳೋದಿಲ್ಲ. ಅಳಲಿ. ಕಣ್ಣೊರೆಸಿಕೊಂಡ ಮೇಲೆ ಸ್ವಿಚ್ಚು ಹಾಕಿದ ಕೈ ಯಾವುದು, ಆ ಕೈಗೆ ಸಂಬಳ ಕೊಡೋರು ಯಾರು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೋರು ಯಾರು ಅಂತಲೂ ನೋಡಲಿ. ನಮ್ಮನ್ನು ಸಂತರನ್ನಾಗಿ ಮಾಡಿ ಕೊಲ್ಲುವ ಕತೆಗಳು ನಮಗೆ ಸಾಕು. ಒಳ್ಳೆಯವರಾಗಿದ್ದರೆ ಮಾತ್ರ ನ್ಯಾಯ ಎಂಬ ಕರಾರು ಮೇಲಿನವರಿಗೆ ಎಂದೂ ಇರಲಿಲ್ಲ, ನಮಗೂ ಬೇಡ.

ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಹಿಂದಿನ ಬೆಂಚಿನ ಹುಡುಗ ಹುಡುಗಿಯರಿಗೆ ಒಂದು ನೋಟ್ ಪುಸ್ತಕ ಕೊಡಿ. ದೀರ್ಘ ಒತ್ತು ತಪ್ಪಿದರೂ ಪರವಾಗಿಲ್ಲ, ಅವರ ಮನೆಯಲ್ಲಿ, ಅವರ ಬೀದಿಯಲ್ಲಿ ಆದದ್ದನ್ನು ಅವರ ಬಾಯ ಮಾತಿನಲ್ಲೇ ಬರೆಯಲಿ. ಕೆಂಪು ಶಾಯಿ ಹಚ್ಚುವ ಮೊದಲು ಒಂದು ಸಲ ಓದಿ. ಆಮೇಲೆ ಇಲ್ಲಿಗೆ ಕಳಿಸಿ, ನಾವು ಅಚ್ಚು ಹಾಕುತ್ತೇವೆ.