ಅಮ್ಮಿಯ ವರದಿ ಕಲಿಸಿದ ಪಾಠ

ಕಳೆದ ವರ್ಷ ನಾನು ಪ್ರಥಮ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾಗ ಅಮ್ಮಿಗೆ ಸ್ತನ ಕ್ಯಾನ್ಸರ್ ಇದೆಯೆಂದು ತಿಳಿಯಿತು. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಜೊತೆಗೆ ಕಂಕುಳಿನ ಎರಡು ದುಗ್ಧಗ್ರಂಥಿಗಳನ್ನೂ ತೆಗೆದರು. ಸ್ತನದಿಂದ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ತಲುಪುವುದು ಈ ಗ್ರಂಥಿಗಳನ್ನೇ. ಹಾಗಾಗಿ ಮನೆಯವರೆಲ್ಲ ಆ ವರದಿಗಾಗಿ ಕಾಯುತ್ತಿದ್ದೆವು.

"ಒಂದು ಗ್ರಂಥಿಯಲ್ಲಿ ಬೇರೆ ಬಗೆಯ ಜೀವಕೋಶಗಳ ಗುಂಪು ಕಾಣುತ್ತಿದೆ. ಇನ್ನೊಂದು ಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಏನನ್ನೂ ತೀರ್ಮಾನಿಸಬೇಡಿ" ಎಂದರು ವೈದ್ಯರು. ಆದರೆ ನಾವು ಆಗಲೇ ತೀರ್ಮಾನಿಸಿಬಿಟ್ಟಿದ್ದೆವು. ಅಬ್ಬಾ ಎರಡು ದಿನ ಅಂಗಡಿ ತೆರೆಯಲಿಲ್ಲ. ನಾನು ಮೊಬೈಲಿನಲ್ಲಿ ಹುಡುಕಿ ಹುಡುಕಿ ಇನ್ನಷ್ಟು ಹೆದರಿದೆ. ಅಮ್ಮಿ ಮಾತ್ರ, "ಮೊದಲು ನಿನ್ನ ಪರೀಕ್ಷೆ ಮುಗಿಯಲಿ, ಅಳುವುದಿದ್ದರೆ ಆಮೇಲೆ ಅಳೋಣ" ಎಂದರು.

ಐದು ದಿನಗಳ ನಂತರ ವರದಿ ಬಂತು. ಅವು ಕ್ಯಾನ್ಸರ್ ಕೋಶಗಳಲ್ಲ, ಮಚ್ಚೆಯ ಕೋಶಗಳು! ನಮ್ಮ ಚರ್ಮದ ಮಚ್ಚೆಯಲ್ಲಿ ಇರುವಂಥವೇ. ಕೆಲವರ ದುಗ್ಧಗ್ರಂಥಿಯಲ್ಲೂ ಅವು ಇರುತ್ತವಂತೆ, ತೊಂದರೆ ಕೊಡುವುದಿಲ್ಲವಂತೆ. ವೈದ್ಯರು ಅವರೆಕಾಳಿನಂಥ ಗ್ರಂಥಿಯ ಚಿತ್ರ ಬರೆದು ವಿವರಿಸಿದರು. ಹರಡಿ ಬಂದ ಕ್ಯಾನ್ಸರ್ ಸಾಮಾನ್ಯವಾಗಿ ಹೊರಕವಚದ ಕೆಳಗಿನ ಸಂದಿಯಲ್ಲಿ ನೆಲೆಸಿ ಒಳಕ್ಕೆ ಬೆಳೆಯುತ್ತದೆ. ಮಚ್ಚೆಯ ಕೋಶಗಳು ಹೆಚ್ಚಾಗಿ ಕವಚದಲ್ಲೇ ಇರುತ್ತವೆ. ಅಷ್ಟಕ್ಕೇ ನಿಲ್ಲದೆ ಪ್ರೋಟೀನುಗಳನ್ನೂ ಪರೀಕ್ಷಿಸುತ್ತಾರೆ. ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಕೆರಾಟಿನ್ ಕಾಣುತ್ತದೆ. ಮಚ್ಚೆಯ ಕೋಶಗಳಲ್ಲಿ ಅದರ ಬದಲು ಎಸ್-100, ಮೆಲಾನ್-ಎ ಕಾಣುತ್ತವೆ.

ಅಮ್ಮಿಯ ಚಿಕಿತ್ಸೆ ಅಲ್ಲಿಗೇ ಮುಗಿಯಲಿಲ್ಲ. ವಿಕಿರಣ ಚಿಕಿತ್ಸೆ ಆಯಿತು, ಈಗಲೂ ತಪಾಸಣೆಗೆ ಹೋಗುತ್ತಾರೆ. ಆದರೆ ಆ ಕೋಶಗಳನ್ನು ಕ್ಯಾನ್ಸರ್ ಎಂದು ತಪ್ಪಾಗಿ ಗುರುತಿಸಿದ್ದರೆ, ರೋಗ ಹರಡಿದೆ ಎಂದೇ ಲೆಕ್ಕವಾಗಿ ಬೇಡದ ಚಿಕಿತ್ಸೆಯನ್ನೂ ಸಹಿಸಬೇಕಾಗುತ್ತಿತ್ತೇನೋ.

"ಸ್ಲೈಡ್ ನೋಡಿದ ಕೂಡಲೇ ಹೆಸರು ಬರೆಯಬೇಡಿ. ಎಲ್ಲಿದೆ, ಹೇಗಿದೆ ಎಂದು ಮೊದಲು ನೋಡಿ" ಎಂದು ನಮ್ಮ ಜೀವಶಾಸ್ತ್ರದ ಮೇಡಂ ಪ್ರಯೋಗಾಲಯದಲ್ಲಿ ಹೇಳುತ್ತಿರುತ್ತಾರೆ. ಅದು ಅಂಕಗಳಿಗಾಗಿ ಎಂದುಕೊಂಡಿದ್ದೆ. ಈಗ ಸೂಕ್ಷ್ಮದರ್ಶಕದ ಮುಂದೆ ಕುಳಿತಾಗಲೆಲ್ಲ, ಅಮ್ಮಿಯ ಸ್ಲೈಡನ್ನು ಅವಸರಪಡದೆ ನೋಡಿದ ಆ ಪೆಥಾಲಜಿಸ್ಟ್ ನೆನಪಾಗುತ್ತಾರೆ. ಅವರ ಮುಖವನ್ನು ನಾವು ನೋಡಿಯೇ ಇಲ್ಲ.

ಸ್ನೇಹಿತರೇ, ಮನೆಯಲ್ಲಿ ಯಾರಿಗಾದರೂ ಗಂಟು ಕಂಡರೆ ಮುಚ್ಚಿಡದೆ ವೈದ್ಯರಿಗೆ ತೋರಿಸಿ. ಆದರೆ ಪೂರ್ತಿ ವರದಿ ಬರುವ ಮೊದಲೇ ನಮ್ಮಂತೆ ತೀರ್ಪು ಬರೆದುಕೊಳ್ಳಬೇಡಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ