ಕುಪ್ಪಸದ ಗಂಟೂ ಅಳತೆಯ ಪಟ್ಟಿಯೂ

ಬಳೆಗಾರನ ಮುಂದೆ ಕುಳಿತ ಹೆಂಗಸು ನಿಸ್ಸಂಕೋಚವಾಗಿ ಕೈಯನ್ನು ನೀಡುತ್ತಾಳೆ. ಕೈಗೆ ತಕ್ಕ ಬಳೆಯನ್ನು ಅವನು ಆರಿಸಿ ತೊಡಿಸುತ್ತಾನೆ. ಆದರೆ ಬೆಳಗಿನಿಂದ ರಾತ್ರಿಯವರೆಗೂ ಮೈಗೆ ಹತ್ತಿಕೊಂಡಿರುವ ಒಳಗುಪ್ಪಸವನ್ನು, ಇಂದು ಎಲ್ಲರೂ ‘ಬ್ರಾ’ ಎನ್ನುವ ಉಡುಪನ್ನು, ಕೊಳ್ಳುವಾಗ ಅದೇ ಹೆಂಗಸು ಮದುವೆಯ ಕಾಲದ ಒಂದು ಅಂಕೆಯನ್ನು ತಗ್ಗಿದ ದನಿಯಲ್ಲಿ ಹೇಳಿ, ಪೊಟ್ಟಣವನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹೊರಟುಬಿಡುತ್ತಾಳೆ. ಈ ಲಜ್ಜೆಯ ದಂಡವನ್ನು ತೆರುವುದು ಅವಳ ಹೆಗಲು. ನೋವಿಗೆ ಎಣ್ಣೆ ತಿಕ್ಕುವವರುಂಟು, ಕಾರಣವನ್ನು ಕೇಳುವವರಿಲ್ಲ.

ಉತ್ತರ ಕರ್ನಾಟಕದಲ್ಲಿ ಗುಳೇದಗುಡ್ಡದ ಖಣದ ಕುಪ್ಪಸವನ್ನು ತೊಡುತ್ತಿದ್ದ ಅಜ್ಜಿಯರಿಗೆ ಈ ತೊಡಕು ಅಷ್ಟಾಗಿ ಇರಲಿಲ್ಲ. ಎದೆಯ ಕೆಳಗೆ ಎರಡು ತುದಿಗಳನ್ನು ಗಂಟಿಕ್ಕಿದರಾಯಿತು. ಬಾಣಂತಿಗೆ ಗಂಟು ಸಡಿಲ, ಮೈ ಇಳಿದವಳಿಗೆ ಬಿಗಿ. ಅಳತೆಯು ಬೆರಳುಗಳಲ್ಲಿಯೇ ಇದ್ದಿತು. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ 1914ರಲ್ಲಿ ಪೇಟೆಂಟ್ ಪಡೆದ ಒಳಗುಪ್ಪಸವೂ ಕಟ್ಟಿಕೊಳ್ಳುವ ಬಗೆಯದೇ. ಕಾರ್ಖಾನೆಯ ಸಿದ್ಧ ಉಡುಪು ಬಂದ ಮೇಲೆ ಗಂಟು ಹೋಗಿ ಕೊಕ್ಕೆಯೂ ಅಂಕೆಯೂ ಬಂದವು. ಆದುದರಿಂದಲೇ ಅಳೆಯುವುದು ಅವಶ್ಯಕವಾಯಿತು.

ಅಳೆಯುವ ಕ್ರಮವು ಸುಲಭವಾದುದು. ಕನ್ನಡಿಯ ಮುಂದೆ ನೆಟ್ಟಗೆ ನಿಂತು, ಉಸಿರನ್ನು ಬಿಟ್ಟು, ಸ್ತನಗಳ ಕೆಳಗೆ ಪಕ್ಕೆಲುಬುಗಳ ಸುತ್ತ ಟೇಪನ್ನು ಬಿಗಿಯಾಗಿ ಸುತ್ತಬೇಕು. ಬೆನ್ನಿನ ಮೇಲೆಯೂ ಅದು ಸಮನಾಗಿರಬೇಕು. ಇದು ಸುತ್ತುಪಟ್ಟಿಯ ಅಳತೆ. ಬೆಸಸಂಖ್ಯೆ ಬಂದರೆ ಮುಂದಿನ ಸಮಸಂಖ್ಯೆಯನ್ನು ಹಿಡಿಯುವುದು ರೂಢಿ. ಬಳಿಕ ಎದೆಯ ತುಂಬಿದ ಭಾಗದಲ್ಲಿ ಒತ್ತದೆ ಅಳೆಯಬೇಕು. ಎರಡರ ಅಂತರವೇ ಬಟ್ಟಲಿನ ಅಳತೆ: 1 ಅಂಗುಲವಾದರೆ ಎ, 2 ಆದರೆ ಬಿ, 3 ಆದರೆ ಸಿ, 4 ಆದರೆ ಡಿ. ಕೆಳಗೆ 32, ಮೇಲೆ 35 ಅಂಗುಲವಿದ್ದವಳಿಗೆ 32 ಸಿ.

ಇಲ್ಲಿಯೇ ಅನೇಕರು ಎಡವುತ್ತಾರೆ. ‘ಸಿ’ ಎಂದೊಡನೆ ಗಾಬರಿಗೊಂಡು, ಬಟ್ಟಲು ಸಾಲದೆಂದು ತೋರಿದಾಗಲೆಲ್ಲ ಪಟ್ಟಿಯನ್ನೇ ಹಿಗ್ಗಿಸುತ್ತಾರೆ. 36 ಎ ಎಂಬುದರ ಬಟ್ಟಲು ಹೆಚ್ಚುಕಡಮೆ 32 ಸಿ ಯಷ್ಟೇ. ಪಟ್ಟಿ ಮಾತ್ರ ಸಡಿಲ. ಭಾರವನ್ನು ಹೊರಬೇಕಾದುದು ಸುತ್ತುಪಟ್ಟಿ. ಅದು ಸಡಿಲಾಗಿ ಬೆನ್ನಿನ ಮೇಲೇರಿದರೆ ಭಾರವೆಲ್ಲವೂ ಹೆಗಲಪಟ್ಟಿಗಳಿಗೆ ಬಿದ್ದು ಹೆಗಲಿನಲ್ಲಿ ಗುಳಿ ಮೂಡುತ್ತದೆ.

ತಯಾರಕರ ಅಂಕೆಗಳೆಲ್ಲವೂ ಒಂದೇ ಬಗೆಯವಲ್ಲವಾದುದರಿಂದ ತೊಟ್ಟುನೋಡುವುದೇ ಕೊನೆಯ ಪರೀಕ್ಷೆ. ಹೊಸದು ಅತ್ಯಂತ ಸಡಿಲವಾದ ಕೊಕ್ಕೆಯಲ್ಲಿಯೇ ಸರಿಯಾಗಿ ಕೂರಬೇಕು; ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಮಾತ್ರ ಹಿಡಿಯಬೇಕು; ಬಟ್ಟಲಿನಿಂದ ಮೈ ಉಕ್ಕಲೂ ಬಾರದು, ಬಟ್ಟೆ ಸುಕ್ಕುಗಟ್ಟಲೂ ಬಾರದು. ಬಳಸುತ್ತ ಬಟ್ಟೆ ಹಿಗ್ಗಿದಂತೆಲ್ಲ ಒಳಗಿನ ಕೊಕ್ಕೆಗಳು ಒದಗುವುವು.

ಬಸುರು, ಬಾಣಂತನ, ಮುಟ್ಟು ನಿಲ್ಲುವ ಕಾಲ, ತೂಕದ ಏರಿಳಿತ — ಇವೆಲ್ಲವೂ ಅಳತೆಯನ್ನು ಬದಲಿಸುವುವು. ಆದುದರಿಂದ ಒಮ್ಮೆ ಬಂದ ಅಂಕೆಯನ್ನು ಜೀವಮಾನವೆಲ್ಲ ಹೊತ್ತಿರಬೇಕಾದುದಿಲ್ಲ. ಆ ಅಕ್ಷರವಾಗಲಿ ಅಂಕೆಯಾಗಲಿ ರೂಪಕ್ಕೂ ಶೀಲಕ್ಕೂ ಕೊಟ್ಟ ಬೆಲೆಯಲ್ಲ. ಬೆಳೆಯುತ್ತಿರುವ ಮಗಳು ಬೆನ್ನನ್ನು ಬಾಗಿಸಿ, ಎದೆಯನ್ನು ಪುಸ್ತಕದಿಂದ ಮರೆಸಿ ನಡೆಯತೊಡಗಿದಾಗ, ‘ನೆಟ್ಟಗೆ ನಡೆ’ ಎಂದು ಗದರುವ ತಾಯಿಯು ಬಾಗಿಲನ್ನು ಮುಂದೆ ಮಾಡಿ, ಹೊಲಿಗೆಯ ಪೆಟ್ಟಿಗೆಯಿಂದ ಟೇಪನ್ನು ತೆಗೆದು, ಅಳೆಯುವುದನ್ನು ಕಲಿಸಿಕೊಟ್ಟರೆ ಮಗಳು ತಾನಾಗಿಯೇ ನೆಟ್ಟಗೆ ನಡೆದಾಳು.