ಕೆಲಸ ಇಲ್ಲದೆ ಹೊಂಟ ಸೈಕಲ್

ನಮ್ಮ ಕುಂಚಾವರಂ ಕಡೆ ಹೆಣ್ಣುಮಕ್ಕಳು ಸೈಕಲ್ ಹೊಡೆಯುವುದು ಹೊಸದೇನಲ್ಲ. ಸಾಲಿಗೆ ಹೋಗುವಾಗ ಹೊಡೆಯುತ್ತೇವೆ. ಗಿರಣಿಗೆ ಹಿಟ್ಟು ಹಾಕಿಸಲು ಹೋಗುವಾಗ, ಹೊಲಕ್ಕೆ ಬುತ್ತಿ ಒಯ್ಯುವಾಗ ಹೊಡೆಯುತ್ತೇವೆ. ಆಗ ಯಾರೂ ಏನೂ ಅನ್ನುವುದಿಲ್ಲ. ಕೆಲಸವೇ ಇಲ್ಲದೆ, ಬರೀ ಖುಷಿಗೆ ಹೊಂಟರೆ ಮಾತ್ರ ಕಟ್ಟೆ ಮೇಲೆ ಕುಂತವರಿಂದ ಪ್ರಶ್ನೆ ಬರುತ್ತದೆ.

"ಎಲ್ಲಿಗಿ ಹೊಂಟೀರಿ ಯವ್ವಾ?"

"ಎಲ್ಲಿಗೂ ಇಲ್ಲ ಆಯಿ. ಸುಮ್ನೆ ಒಂದ್ ರೌಂಡ್."

"ಸುಮ್ನೆ ಅಂದ್ರ?"

ಈ 'ಸುಮ್ನೆ' ಅಂದರೆ ಏನು ಅಂತ ಹೇಳಲು ನಾವು ಈ ಲೇಖನ ಬರೆಯುತ್ತಿದ್ದೇವೆ.

ನಾವು ನಾಲ್ಕು ಮಂದಿ. ಇಬ್ಬರು ಊರವರು, ಇಬ್ಬರು ತಾಂಡಾದವರು. ಮನೆಯಲ್ಲಿ ಒಬ್ಬಳದು ಕನ್ನಡ, ಒಬ್ಬಳದು ತೆಲುಗು, ಇಬ್ಬರದು ಲಂಬಾಣಿ. ಇಳಿಜಾರು ಬಂದಾಗ ಹಾಕುವ ಕೂಗು ಮಾತ್ರ ನಾಲ್ವರದೂ ಒಂದೇ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿತಲ್ಲ, ನಮ್ಮಲ್ಲಿ ಇಬ್ಬರು ಕಲಿತದ್ದು ಅಕ್ಕಂದಿರಿಗೆ ಬಂದ ಅಂಥ ಸೈಕಲ್ ಮೇಲೆ. ಅಕ್ಕಂದಿರ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಆ ಸೈಕಲ್ಲಿಗೆ ಹಾಲಿನ ಕ್ಯಾನ್ ಬಂತು, ಅಣ್ಣಂದಿರು ಒಯ್ದರು. ನಾವು ಸಂಜೆ ಹೊತ್ತು ಕೇಳಿ ಇಸಕೊಂಡು ಕಲಿತೆವು.

ಭಾನುವಾರ ಬೆಳಗ್ಗೆ ಬಿಸಿಲು ಏರುವ ಮೊದಲು ಡಾಂಬರು ರಸ್ತೆ ಹಿಡಿದು ಹೊರಡುತ್ತೇವೆ. ಈ ಕಡೆಯ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವಾಯಿತು. ಅದಕ್ಕೇ ಕಾಡಿನ ಒಳದಾರಿಗೆ ಇಳಿಯುವುದಿಲ್ಲ, ಬಸ್ಸು ಓಡುವ ರಸ್ತೆ ಬಿಡುವುದಿಲ್ಲ. ಸೇಡಂ, ಚಿತ್ತಾಪುರ ಕಡೆಯ ಹಾಗೆ ಇಲ್ಲಿ ನೆಲ ಹಾಸಿದಂತಿಲ್ಲ. ಏರು, ಇಳಿವು, ಮತ್ತೆ ಏರು. ಏರಿನಲ್ಲಿ ತೊಡೆ ಉರಿಯುತ್ತದೆ, ಉಸಿರು ಕಿವಿಗೆ ಕೇಳುತ್ತದೆ, ಮಾತು ನಿಲ್ಲುತ್ತದೆ. ತುದಿ ಮುಟ್ಟಿದ ಮೇಲೆ ತುಳಿಯುವುದು ಬಿಟ್ಟರೂ ಗಾಲಿ ತಾನೇ ಓಡುತ್ತದೆ. ಗಾಳಿ ಮುಖಕ್ಕೆ ಹೊಡೆಯುತ್ತದೆ, ತೇಗದ ಮರಗಳು ಹಿಂದೆ ಸರಿಯುತ್ತವೆ. ಏರಿನಲ್ಲಿ ದುಡಿದದ್ದರ ಕೂಲಿ ಅಲ್ಲೇ, ಕೈಯಲ್ಲೇ. ಹಿಟ್ಟಿನ ಚೀಲ ಹಿಂದೆ ಇದ್ದಾಗ ಇದು ಗೊತ್ತಾಗುವುದಿಲ್ಲ. ಚೀಲದ ಮೇಲೇ ಲಕ್ಷ್ಯ ಇರುತ್ತದೆ.

ಇದೇ ಖುಷಿಯನ್ನು ನಾವು ಫೋನಿನಲ್ಲಿ ಇನ್ನೊಂದು ಆಟದಲ್ಲಿ ಕಂಡೆವು. ಅದು ಹಿಮದ ಮೇಲೆ ಜಾರುವ ಸ್ಕೀಯಿಂಗ್. ನಾವು ಕಂಡ ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಟ್ಟಿಯಾದದ್ದು ಮಾತ್ರ. ಆದರೂ ನೋಡಿದೆವು, ಯಾಕೆಂದರೆ ಜಾರುತ್ತಿದ್ದವಳು ನಮ್ಮ ರಾಜ್ಯದವಳು. ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಕೊಡಗಿನಲ್ಲಿ ಮಳೆ ಸುರಿಯುತ್ತದೆ, ಮಂಜು ಕವಿಯುತ್ತದೆ, ಹಿಮ ಬೀಳುವುದಿಲ್ಲ. ಅಂಥ ಊರಿನಿಂದ ಹೋದ ಭವಾನಿ 2024ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಮೂರು ಚಿನ್ನ ತಂದರು. ಚಿಲಿ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ಓಟದಲ್ಲಿ ಕಂಚು ಗೆದ್ದರು.

ಸ್ಕೀಯಿಂಗ್ ಅಂದರೆ ಸಿನಿಮಾದಲ್ಲಿ ಕಾಣುವಂತೆ ಗುಡ್ಡದ ಮೇಲಿಂದ ಸರ್ರನೆ ಇಳಿಯುವುದು ಅಷ್ಟೇ ಅಲ್ಲ. ಭವಾನಿ ಆಡುವುದು ನಾರ್ಡಿಕ್ ಸ್ಕೀಯಿಂಗ್. ಸಪಾಟು ನೆಲ, ಏರು, ಇಳಿವು ಎಲ್ಲವನ್ನೂ ಸ್ವಂತ ಬಲದಲ್ಲೇ ದಾಟಬೇಕು. ಕಾಲಿಗೆ ಉದ್ದನೆಯ ತೆಳು ಪಟ್ಟಿಗಳು. ಬೂಟಿನ ಮುಂದಿನ ತುದಿ ಮಾತ್ರ ಪಟ್ಟಿಗೆ ಸಿಕ್ಕಿರುತ್ತದೆ, ಹಿಮ್ಮಡಿ ಬಿಡುವಾಗಿ ಮೇಲೇಳುತ್ತದೆ. ಕೈಯಲ್ಲಿ ಎರಡು ಕೋಲು. ಆಟದಲ್ಲಿ ಎರಡು ಬಗೆ. ಒಂದರಲ್ಲಿ ನಡೆಯುವ ಹಾಗೆ ಕಾಲು ಹಿಂದೆ ಮುಂದೆ ನೇರವಾಗಿ ಜಾರಿಸುವುದು. ಅದಕ್ಕೆ ಭುಜದ ಎತ್ತರದ ಕೋಲು. ಇನ್ನೊಂದರಲ್ಲಿ ಪಟ್ಟಿಗಳನ್ನು ಮುಂದೆ ಅಗಲಿಸಿ, ಒಂದೊಂದೇ ಕಾಲಿನಿಂದ ಪಕ್ಕಕ್ಕೆ ಒತ್ತಿ ಮುಂದೆ ಚಿಮ್ಮುವುದು. ಅದಕ್ಕೆ ಗದ್ದದವರೆಗೆ ಬರುವ ಕೋಲು.

ನಮಗೆ ಹಿಡಿಸಿದ್ದು ಪಟ್ಟಿಯ ಅಡಿಗೆ ಹಚ್ಚುವ ಮೇಣ. ಜಾರಲು ಒಂದು ಮೇಣ. ನೇರ ನಡಿಗೆಯ ಬಗೆಯಲ್ಲಿ ಪಾದದ ಕೆಳಗಿನ ಭಾಗಕ್ಕೆ ಮಾತ್ರ ಅಂಟುವ ಇನ್ನೊಂದು ಮೇಣ. ಕಾಲು ಒತ್ತಿದಾಗ ಅದು ಹಿಮವನ್ನು ಹಿಡಿಯುತ್ತದೆ, ಹಿಂದೆ ಜಾರಗೊಡುವುದಿಲ್ಲ. ಭಾರ ತೆಗೆದಾಗ ಪಟ್ಟಿಯ ನಡುಭಾಗ ಮೇಲೆದ್ದು ಮತ್ತೆ ಜಾರುತ್ತದೆ. ಒತ್ತು, ತೇಲು, ಒತ್ತು, ತೇಲು. ನಮ್ಮ ಪೆಡಲಿನ ಲೆಕ್ಕವೂ ಇದೇ ಅಲ್ಲವೇ? ಹಿಮ ಇಲ್ಲದ ತಿಂಗಳಲ್ಲಿ ಈ ಆಟಗಾರರು ಪಟ್ಟಿಯ ಬದಲು ಗಾಲಿ ಇರುವ ರೋಲರ್ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯ ಮೇಲೇ ತಯಾರಿ ಮಾಡುತ್ತಾರೆ. ಸೈಕಲ್ಲೂ ಹೊಡೆಯುತ್ತಾರೆ. ಎರಡಕ್ಕೂ ಬೇಕಾದದ್ದು ತೊಡೆ, ಉಸಿರು, ತೂಕ ಹಿಡಿಯುವ ಮೈ.

ಖುಷಿ ಬರಬೇಕೆಂದರೆ ಸಾಮಾನು ಮೈಗೆ ಹೊಂದಬೇಕು. ಸ್ಕೀಯಿಂಗ್‌ನಲ್ಲಿ ಕೋಲಿನ ಅಳತೆ ಹೇಗೋ, ಸೈಕಲ್ಲಿನಲ್ಲಿ ಸೀಟಿನ ಅಳತೆ ಹಾಗೆ. ನಾವು ಓಡಿಸುತ್ತಾ, ಪಂಕ್ಚರ್ ಅಂಗಡಿಯವರನ್ನು ಕೇಳುತ್ತಾ ತಿಳಿದುಕೊಂಡದ್ದು ಇಷ್ಟು:

ಸೀಟು: ನಮ್ಮ ಹುಡುಗಿಯರ ಸೈಕಲ್ಲಿನಲ್ಲಿ ಸೀಟು ಬಹಳ ಕೆಳಗೆ ಇರುತ್ತದೆ, ಬೀಳುವ ಅಂಜಿಕೆಗೆ ಎರಡೂ ಕಾಲು ನೆಲಕ್ಕೆ ಹತ್ತಲಿ ಅಂತ. ಹಾಗಿದ್ದರೆ ಮೊಣಕಾಲು ನೋಯುತ್ತದೆ, ಏರು ಹತ್ತುವುದಿಲ್ಲ. ಗೋಡೆ ಹಿಡಿದು ಸೀಟಿನ ಮೇಲೆ ಕೂಡಿ. ಪೆಡಲ್ ತೀರಾ ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲೆ ಇಟ್ಟರೆ ಕಾಲು ನೆಟ್ಟಗಾಗಬೇಕು. ಅದು ಸರಿಯಾದ ಎತ್ತರ. ತುಳಿಯುವಾಗ ಮಾತ್ರ ಹಿಮ್ಮಡಿ ಬೇಡ, ಬೆರಳಿನ ಬುಡದ ಅಗಲ ಭಾಗದಿಂದ ತುಳಿಯಿರಿ. ಆಗ ಮೊಣಕಾಲು ತುಸು ಬಾಗಿರುತ್ತದೆ. ಒಮ್ಮೆಲೆ ಏರಿಸಬೇಡಿ, ವಾರಕ್ಕೆ ಒಂದು ಬೆರಳಿನಷ್ಟು ಏರಿಸಿದರೆ ಸಾಕು.

ಗೇರು: ಗೇರಿನ ಸೈಕಲ್ ಇದ್ದರೆ ಏರು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಮುಂದಿನ ಚಕ್ರ ಸಣ್ಣದು, ಹಿಂದಿನದು ದೊಡ್ಡದು. ಬದಲಿಸುವಾಗ ಮೆಲ್ಲಗೆ ತುಳಿಯುತ್ತಲೇ ಇರಬೇಕು, ಜೋರು ಹಾಕಿದರೆ ಚೈನ್ ಕಿರುಚುತ್ತದೆ. ಗೇರು ಇಲ್ಲದಿದ್ದರೆ ಎದ್ದು ನಿಂತು ತುಳಿಯಿರಿ. ಅದೂ ಆಗದಿದ್ದರೆ ಇಳಿದು ತಳ್ಳಿ, ಮರ್ಯಾದೆಯೇನೂ ಹೋಗುವುದಿಲ್ಲ.

ಬ್ರೇಕು: ಎರಡೂ ಬ್ರೇಕು ಕೂಡಿ ಹಿಡಿಯಿರಿ. ಮುಂದಿನದಕ್ಕೆ ನಿಲ್ಲಿಸುವ ಬಲ ಹೆಚ್ಚು, ಆದರೆ ಗರಸಿನ ಮೇಲೆ ಅದನ್ನು ಗಪ್ಪನೆ ಒತ್ತಿದರೆ ಗಾಲಿ ಜಾರುತ್ತದೆ. ತಿರುವಿನೊಳಗೆ ಹೋದ ಮೇಲೆ ಅಲ್ಲ, ತಿರುವಿಗೆ ಮೊದಲೇ ವೇಗ ಇಳಿಸಿ. ತಿರುಗುವಾಗ ಹೊರಗಿನ ಪೆಡಲ್ ಕೆಳಗೆ ಇರಲಿ.

ಗಾಳಿ, ಮುಳ್ಳು, ಮಣ್ಣು: ನಮ್ಮಲ್ಲಿ ಜಾಲಿ ಮುಳ್ಳಿಗೆ ಬರವಿಲ್ಲ. ಮುಳ್ಳು ಕಿತ್ತು ಪಂಕ್ಚರ್ ಹಚ್ಚಿದರೆ ಮುಗಿಯಲಿಲ್ಲ. ಟಾಯರಿನ ಒಳಗೆ ಬೆರಳಾಡಿಸಿ ನೋಡಿ, ಮುರಿದ ತುದಿ ಅಲ್ಲೇ ಉಳಿದಿರುತ್ತದೆ. ಧೂಳಿನ ಕಾಲಕ್ಕೆ ಚೈನಿಗೆ ಎಣ್ಣೆ ಸುರಿಯಬೇಡಿ. ಮೊದಲು ಬಟ್ಟೆಯಿಂದ ಒರೆಸಿ, ಆಮೇಲೆ ಹನಿ ಹನಿ ಬಿಡಿ. ಮಳೆಗಾಲದಲ್ಲಿ ಎರೆ ಮಣ್ಣಿನ ಊರುಗಳಿಗೆ ಹೋದರೆ ಮಡ್‌ಗಾರ್ಡಿನಲ್ಲಿ ಮಣ್ಣು ತುಂಬಿ ಗಾಲಿಯೇ ತಿರುಗುವುದಿಲ್ಲ, ಒಂದು ಕಡ್ಡಿ ಜೊತೆಗಿರಲಿ.

ಬಟ್ಟೆ: ಓಡನಿಯನ್ನು ಅಡ್ಡ ಹಾಕಿ ಸೊಂಟಕ್ಕೆ ಗಟ್ಟಿ ಕಟ್ಟಿ. ಪ್ಯಾಂಟಿನ ಬಲ ಅಂಚಿಗೆ ರಬ್ಬರ್ ಬ್ಯಾಂಡ್. ಸೀರೆ ಉಡುವವರಿಗೆ ಚೈನ್ ಕವರು ಮತ್ತು ಹಿಂದಿನ ಗಾಲಿಯ ಜಾಳಿಗೆ ಇರುವ ಸೈಕಲ್ಲೇ ಬೇಕು. ಹೆಲ್ಮೆಟ್ ಮತ್ತು ನೀರಿನ ಬಾಟಲಿ ಎಲ್ಲರಿಗೂ.

ಇಷ್ಟಾದರೆ ಒಂದು ಹುಡುಗಿ ಎಷ್ಟು ದೂರ ಹೋಗಬಹುದು? ಈ ಪ್ರಶ್ನೆ ನಮ್ಮೂರಿನದು ಮಾತ್ರ ಅಲ್ಲ. ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು 1924ರಲ್ಲಿ, ಫ್ರಾನ್ಸಿನ ಶಾಮೊನಿಯಲ್ಲಿ. ಅಲ್ಲಿ ಗಂಡಸರು 50 ಕಿ.ಮೀ. ಸ್ಕೀ ಓಟ ಓಡಿದರು. ಹೆಂಗಸರಿಗೆ ಈ ಓಟದಲ್ಲಿ ಜಾಗ ಸಿಕ್ಕಿದ್ದು 1952ರ ಓಸ್ಲೋ ಒಲಿಂಪಿಕ್ಸ್‌ನಲ್ಲಿ, ಅದೂ 10 ಕಿ.ಮೀ. ಮಾತ್ರ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಂಗಸರು 50 ಕಿ.ಮೀ. ಓಡಿದ್ದು 2025ರಲ್ಲಿ, ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ. ಹೆಂಗಸರ ಕಾಲಿಗೆ ಆ ಬಲ ಮೊದಲೇ ಇತ್ತು, ಅಷ್ಟು ದೂರದ ಓಟವನ್ನು ಅವರಿಗೆ ಇಟ್ಟವರು ಇರಲಿಲ್ಲ.

ನಮ್ಮ ಪಕ್ಕದ ರಾಜ್ಯದ ಕಥೆ ಇನ್ನೂ ಹತ್ತಿರದ್ದು. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಕೂಲಿಯವರು, ಕಲ್ಲು ಕ್ವಾರಿಯ ಹೆಂಗಸರು, ಅಂಗನವಾಡಿಯವರು ಸಾವಿರ ಸಾವಿರ ಮಂದಿ ಕಲಿತರು. ಲೇಡೀಸ್ ಸೈಕಲ್ ಸಿಗದಿದ್ದಾಗ ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಮುಂದಿನ ಕಂಬಿಯ ಮೇಲೆ ಮಗುವನ್ನು ಕೂಡಿಸಬಹುದು ಅಂತ ಅದನ್ನೇ ಮೆಚ್ಚಿದವರೂ ಇದ್ದರು. ಬಸ್ಸಿಗೆ ಕಾಯುವ ಹೊತ್ತು ಉಳಿಯಿತು, ಕರೆದೊಯ್ಯಿ ಅಂತ ಗಂಡಸರನ್ನು ಕೇಳುವುದು ತಪ್ಪಿತು.

ನಮ್ಮ ಕಲ್ಯಾಣ ಕರ್ನಾಟಕದ ಪಕ್ಕದ ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮನೆಯ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ರೇಸುಗಳಲ್ಲಿ ಪದಕ ತರುತ್ತಾರೆ. ನಮಗೆ ಪದಕದ ಆಸೆ ಇಲ್ಲ. ಪದಕ ಬಂದರೆ ಅದೂ ಒಂದು ಕೆಲಸವಾಗುತ್ತದೆ, ಆಗ ಕಟ್ಟೆಯವರೂ ಒಪ್ಪುತ್ತಾರೆ. ನಮ್ಮ ತಕರಾರು ಬೇರೆ. ನಮ್ಮ ತಮ್ಮಂದಿರು ಸಂಜೆ ಕ್ರಿಕೆಟ್ ಆಡಲು ಹೋದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಆಡುವುದೇ ಅದರ ಕಾರಣ. ಹೆಣ್ಣುಮಕ್ಕಳ ಆಟಕ್ಕೂ ಅಷ್ಟು ಕಾರಣ ಸಾಕು.

ಈ ವಿಷಯ ಈಗ ನಮ್ಮ ಬಾಗಿಲಿಗೇ ಬಂದಿದೆ. ನಮ್ಮಲ್ಲೊಬ್ಬಳ ಮದುವೆ ಗೊತ್ತಾಗಿದೆ, ಗಡಿಯಾಚೆ ತೆಲಂಗಾಣದ ಹಳ್ಳಿಗೆ. ಕೊಡುವ ಸಾಮಾನಿನ ಯಾದಿಯಲ್ಲಿ ಅಲಮಾರು, ಮಂಚ, ಹಂಡೆ, ಮಿಕ್ಸರ್ ಬರೆದಾಯಿತು. ಅವಳು ಕೊನೆಗೆ ತನ್ನ ಕೈಯಿಂದಲೇ 'ಸೈಕಲ್' ಅಂತ ಬರೆದಳು. ಅವರಪ್ಪ ನೋಡಿ ನಕ್ಕರು, ಹೊಡೆದು ಹಾಕಲಿಲ್ಲ. ಅವರವ್ವ "ಅತ್ತಿ ಮನ್ಯಾಗ ಏನಂತಾರೋ ಏನೋ" ಅಂದರು. ಮಾತು ಅಲ್ಲಿಗೇ ನಿಂತಿದೆ. ಹುಡುಗ ಫೋನಿನಲ್ಲಿ "ಅಷ್ಟು ದೂರ ಹೊಡೀತೀಯಾ?" ಅಂತ ಕೇಳಿದನಂತೆ. "ನೀನೂ ಬಾ, ನೋಡೋಣ" ಅಂದಳಂತೆ ಇವಳು. ಅವನು ಇನ್ನೂ ಜವಾಬು ಕೊಟ್ಟಿಲ್ಲ. ನಾವು ಮೂವರು ಅವಳ ಸೈಕಲ್ಲಿಗೆ ಹೊಸ ಟಾಯರು ಹಾಕಿಸಿ ಇಟ್ಟಿದ್ದೇವೆ.

ಇದನ್ನು ಓದುತ್ತಿರುವ ಅಪ್ಪಂದಿರಿಗೆ, ಅಣ್ಣಂದಿರಿಗೆ ಒಂದು ಮಾತು. ನಿಮ್ಮ ಮನೆಯಲ್ಲೂ ಗೋಡೆಗೆ ಆನಿಸಿಟ್ಟ ಒಂದು ಸೈಕಲ್ ಇರಬಹುದು. ಈ ಭಾನುವಾರ ಅದಕ್ಕೆ ಗಾಳಿ ಹಾಕಿಸಿ, ಪಾನಾ ತೊಗೊಂಡು ಸೀಟು ಒಂದು ಬೆರಳು ಏರಿಸಿಕೊಡಿ. ಅಕ್ಕಂದಿರೇ, ತಂಗಿಯರೇ, ಅವರು ಮಾಡದಿದ್ದರೆ ಪಾನಾ ನೀವೇ ತೊಗೊಳ್ಳಿ. ಸೀಟಿನ ಕೆಳಗೆ ಇರುವುದು ಒಂದೇ ನಟ್ಟು, ಎಡಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ.